ಕೈ ಕಟ್ಟಿದರೆ ಬಾರದ ಮಗ್ಗಿ

ನಮ್ಮ ಮಾವನವರ ಮನೆತನದಲ್ಲಿ ಹೆಣ್ಣುಮಕ್ಕಳು ಸಂಬಳಕ್ಕೆ ದುಡಿದರೆ ಅವಮಾನ, ಪುಕ್ಕಟೆ ದುಡಿದರೆ ಪುಣ್ಯ. ನಾನು ಧಾರವಾಡದಲ್ಲಿ ಟಿ.ಸಿ.ಎಚ್. ಮುಗಿಸಿ, ಅಣ್ಣಿಗೇರಿಯಿಂದ ಶಲವಡಿ ಕಡೆಗೆ ಹೋಗುವ ಬಸ್ಸು ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ ಎನ್ನುವಂಥ ಊರಿಗೆ ಸೊಸೆಯಾಗಿ ಬಂದವಳು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಿಕ್ಷಕಿಯ ಕೆಲಸಕ್ಕೆಂದು ಬರೆದ ಅರ್ಜಿಯನ್ನು ಮಾವನವರ ಮುಂದೆ ಹಿಡಿದೆ. ಅವರು ಚಾಳೀಸು ಏರಿಸಿ ಎರಡು ಸಲ ಓದಿದರು, ನಾಲ್ಕು ಮಡಿಕೆ ಮಾಡಿದರು, ದೇವರ ಜಗಲಿಯ ಮೇಲಿನ ವಿಭೂತಿ ಬಟ್ಟಲಿನ ಕೆಳಗೆ ಇಟ್ಟರು.

“ಸರಕಾರದ ಪಗಾರಕ್ಕ ನಮ್ಮ ಮನಿ ಸೊಸಿ ಕೈ ಒಡ್ಡೂದು ಬ್ಯಾಡವಾ,” ಎಂದರು. “ಸೇವಾ ಮಾಡು. ಅಂಗಳ ಬೇಕಾದಷ್ಟೈತಿ.”

ಅದೇ ಮನೆಯ ಮಗ, ಅಂದರೆ ನನ್ನ ಗಂಡ, ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಪ್ರತಿ ತಿಂಗಳೂ ಪಗಾರಕ್ಕೆ ಕೈ ಒಡ್ಡುತ್ತಿದ್ದರು. ಅದು ಯಾರಿಗೂ ಅವಮಾನ ಅನ್ನಿಸಿರಲಿಲ್ಲ. ನಾನೂ ಒಪ್ಪಿಕೊಂಡೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ‘ಸೇವೆ’ ಎಂಬ ಶಬ್ದ ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ದಡ್ಡತನಕ್ಕೆ ಡಿಗ್ರಿ ಕೊಡುವ ಕಾಲೇಜು ಇದ್ದಿದ್ದರೆ ನನಗೆ ಮೊದಲ ದರ್ಜೆ ಸಿಗುತ್ತಿತ್ತು.

ಹೀಗೆ ನಮ್ಮ ಅಂಗಳದ ಬೇವಿನ ಮರದ ಕೆಳಗೆ ಕೂಲಿಕಾರರ ಮಕ್ಕಳ ಕಲಿಕಾ ಕೇಂದ್ರ ಹುಟ್ಟಿತು. ಬಂದವರಲ್ಲಿ ಹೆಚ್ಚಿನವರು ಹುಡುಗಿಯರು, ಎಲ್ಲರೂ ನಮ್ಮದೇ ಹೊಲಗಳಿಗೆ ಕೂಲಿಗೆ ಬರುವ ಹೆಂಗಸರ ಮಕ್ಕಳು. ಅವ್ವಂದಿರು ಬುತ್ತಿ ಕಟ್ಟಿಕೊಂಡು ಕಳೆ ತೆಗೆಯಲು, ಹತ್ತಿ ಬಿಡಿಸಲು ಹೊರಟರೆ ಮನೆಯಲ್ಲಿ ಉಳಿದ ಕೂಸುಗಳನ್ನು ಹೊರುವುದು ಈ ಹುಡುಗಿಯರ ಕೆಲಸ. ಅದಕ್ಕೇ ಅವರು ಸಾಲೆಗೆ ಹೋಗುತ್ತಿರಲಿಲ್ಲ. ನಾನು ಕೂಸುಗಳನ್ನೂ ತನ್ನಿ ಎಂದೆ. ಟೊಂಕದ ಮೇಲೆ ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು ಬಂದರು. ಮರಕ್ಕೆ ನಾಲ್ಕು ಸೀರೆಯ ಜೋಳಿಗೆ ಕಟ್ಟಿದೆವು. ಒಂದು ಕೈಯಿಂದ ಜೋಳಿಗೆ ತೂಗುತ್ತ, ಇನ್ನೊಂದು ಕೈಯಿಂದ ಪಾಟಿಯ ಮೇಲೆ ಅಕ್ಷರ ತಿದ್ದುವುದು ಅವರಿಗೆ ಎರಡೇ ದಿನಕ್ಕೆ ರೂಢಿಯಾಯಿತು.

ಮಾವನವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂತು ಇದನ್ನು ನೋಡಿ ತೃಪ್ತಿಪಡುತ್ತಿದ್ದರು. ಮನುಷ್ಯರೆಲ್ಲ ಒಂದೇ ಎಂದು ದಿನಾ ಬಾಯಿಪಾಠ ಹೇಳುವ ಮನೆ ನಮ್ಮದು. ಮಕ್ಕಳು ಮಾತ್ರ ಕಟ್ಟೆಯ ಕೆಳಗೆ. ಕಟ್ಟೆ ಹತ್ತಬೇಡಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ಹೇಳುವ ಅವಶ್ಯಕತೆಯೇ ಇರಲಿಲ್ಲ. ನೀರು ಬೇಕಾದರೆ ನಾನು ತಂಬಿಗೆ ಎತ್ತಿ ಬೊಗಸೆಗೆ ಹೊಯ್ಯುತ್ತಿದ್ದೆ. ಸ್ವಚ್ಛತೆಗಾಗಿ ಹೀಗೆ ಮಾಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಎಷ್ಟು ಒಳ್ಳೆಯ ಕಾರಣ ಕೊಟ್ಟುಕೊಳ್ಳುತ್ತೇವೆ ನಾವು, ಒಳ್ಳೆಯ ಮನೆಯವರು.

ಮಾವನವರ ತೃಪ್ತಿಗೆ ಇನ್ನೊಂದು ಕಾರಣವಿತ್ತು, ಅದು ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು. ಕೂಸು ನೋಡಿಕೊಳ್ಳುವ ಜಾಗ ಇದೆಯೆಂದು ಹೆಂಗಸರು ಬೇರೆಯವರ ಹೊಲ ಬಿಟ್ಟು ನಮ್ಮ ಹೊಲಕ್ಕೇ ಮೊದಲು ಬರುತ್ತಿದ್ದರು, ಹೊತ್ತು ಮುಳುಗುವ ತನಕ ನಿಲ್ಲುತ್ತಿದ್ದರು. ಸ್ವಾಮಿಕಾರ್ಯದ ಜೊತೆಗೆ ಸ್ವಕಾರ್ಯ. ಸ್ವಾಮಿಕಾರ್ಯ ಮಾಡುತ್ತಿದ್ದವಳು ನಾನು, ಸ್ವಕಾರ್ಯ ಅವರದು.

ಆ ಮಕ್ಕಳಲ್ಲಿ ಒಬ್ಬಳು ಹನ್ನೊಂದು ವರ್ಷದವಳು. ತಂದೆ ಕಾಲುವೆ ತೋಡುವ ಕೆಲಸಕ್ಕೆ ಹೋದವನು, ಬಂದಾಗ ಬಂದ ಎನ್ನುವ ಲೆಕ್ಕ. ತಾಯಿ ನಮ್ಮ ಕಾಯಂ ಆಳು, ಮಾತು ಕಡಿಮೆ. ಹುಡುಗಿಗೆ ಏಳು ವರ್ಷದ ತಂಗಿ, ಇನ್ನೂ ತೆವಳುವ ತಮ್ಮ. ಒಂದನೆಯ ಇಯತ್ತೆ ಮುಗಿಸಿ ಸಾಲೆ ಬಿಟ್ಟವಳು ನನ್ನ ಹತ್ತಿರ ಒಂದೇ ವರ್ಷದಲ್ಲಿ ಓದುವುದು, ಬರೆಯುವುದು, ಕೂಡಿಸುವುದು, ಕಳೆಯುವುದು ಎಲ್ಲ ಕಲಿತಳು. ಹಳೆಯ ವೃತ್ತಪತ್ರಿಕೆಯಲ್ಲಿ ಕಟ್ಟಿಕೊಟ್ಟ ಪುಠಾಣಿಯನ್ನು ತಂಗಿಗೆ ಸುರಿದು, ತಾನು ಕಾಗದ ಓದುತ್ತ ಕೂರುತ್ತಿದ್ದಳು. ಬೇರೆ ಮಕ್ಕಳ ಬಗ್ಗೆ ನನಗೆ ಇದ್ದದ್ದು ಕರುಣೆ. ಇವಳ ಬಗ್ಗೆ ಇದ್ದದ್ದು ಹೆಮ್ಮೆ, ಅದೂ ನನ್ನ ಬಗ್ಗೆಯೇ.

ಎರಡನೆಯ ವರ್ಷ ಮೆಣಸಿನಕಾಯಿ ಚೆನ್ನಾಗಿ ಬಂತು. ಹೊಲದಲ್ಲಿ ಒಣಗಿದ ಕಾಯಿ ಚೀಲಚೀಲವಾಗಿ ಅಂಗಳಕ್ಕೆ ಬಂದು ಬಿತ್ತು. ತುಂಬು, ಅಂದರೆ ಕಾಯಿಯ ತೊಟ್ಟು, ಬಿಡಿಸಿ ಕಳಿಸಿದರೆ ಹುಬ್ಬಳ್ಳಿ ಪೇಟೆಯಲ್ಲಿ ಬೇರೆಯೇ ದರ. ಅಂಗಳ ಬೇಕು, ಸುಗ್ಗಿ ಮುಗಿಯುವ ತನಕ ಸಾಲೆ ಬಂದ್ ಮಾಡು ಎಂದರು ಮಾವನವರು.

ಇಲ್ಲಿ ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. ಇದನ್ನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಮಾವನವರು ಕೇಳಿರಲಿಲ್ಲ, ಮಕ್ಕಳ ತಾಯಂದಿರು ಕೇಳಿರಲಿಲ್ಲ. ಚಟುವಟಿಕೆಯ ಮೂಲಕ ಕಲಿಕೆ ಎಂದು ಟಿ.ಸಿ.ಎಚ್. ಪುಸ್ತಕದಲ್ಲಿ ಒಂದು ಪಾಠವೇ ಇತ್ತು, ನಾನು ಅದಕ್ಕೆ ಒಳ್ಳೆಯ ಅಂಕ ತೆಗೆದಿದ್ದೆ. ಮಕ್ಕಳ ಬಾಯಿ ಮಗ್ಗಿ ಹೇಳಲಿ, ಕೈ ತುಂಬು ಬಿಡಿಸಲಿ, ಅಂಗಳವೂ ಉಳಿಯುತ್ತದೆ, ಸಾಲೆಯೂ ಉಳಿಯುತ್ತದೆ ಎಂದೆ. ಆ ಮನೆಗೆ ಬಂದ ಮೇಲೆ ಮೊದಲ ಸಲ ಮಾವನವರ ಮುಖದಲ್ಲಿ ನನ್ನ ಬಗ್ಗೆ ಗೌರವ ಕಂಡಿತು.

“ಶಾಣ್ಯಾಕಿ ಇದ್ದೀ,” ಎಂದರು. “ಕಾಯಕ ಅನ್ನೂದನ್ನ ಸಣ್ಣಂದಿನಿಂದನ ಕಲೀಬೇಕು.”

ಮರುದಿನದಿಂದ ಶುರುವಾಯಿತು. ಒಂದು ಸಾಲಿಗೆ ಒಂದು ಕಾಯಿ. ‘ಹದಿಮೂರ ಒಂದಲೆ’ ಎನ್ನುವಾಗ ಕಾಯಿ ಎತ್ತಬೇಕು, ಚಟ್ಟನೆ ತುಂಬು ಮುರಿಯಬೇಕು, ‘ಹದಿಮೂರು’ ಎನ್ನುತ್ತ ಬುಟ್ಟಿಗೆ ಎಸೆಯಬೇಕು. ಎರಡೇ ವಾರದಲ್ಲಿ ಇಡೀ ಅಂಗಳ ಒಂದೇ ತಾಳಕ್ಕೆ ಬಂತು. ಒಂದು ಮಗ್ಗಿಯನ್ನೂ ನೆಟ್ಟಗೆ ಬಾಯಿಗೆ ಹತ್ತಿಸಿಕೊಳ್ಳದಿದ್ದ ಮಕ್ಕಳು ಈಗ ಹದಿನೈದರ ತನಕ ಸರಸರ ಹೇಳುತ್ತಿದ್ದರು. ಪಾಟಿ ಮುಟ್ಟುವುದು ಮಾತ್ರ ನಿಂತಿತು. ಖಾರದ ಕೈಯಿಂದ ಪಾಟಿ ಒರೆಸಿ, ಅದೇ ಕೈಯಿಂದ ಕಣ್ಣು ಒರೆಸಿಕೊಂಡು ಒಬ್ಬ ಹುಡುಗಿ ಅರ್ಧ ದಿನ ಅತ್ತ ಮೇಲೆ ಪಾಟಿಗಳನ್ನು ಒಳಗಿಟ್ಟೆ. ಬರೆಯುವುದನ್ನು ಮಳೆಗಾಲದಲ್ಲಿ ಕಲಿಸಿದರಾಯಿತು ಎಂದುಕೊಂಡೆ.

ಕೂಸುಗಳದ್ದು ಬೇರೆ ಪಾಡು. ಅಕ್ಕ ಎತ್ತಿಕೊಂಡರೆ ಸಾಕು, ಕೂಸು ಕಿಟಾರನೆ ಕಿರುಚುತ್ತಿತ್ತು, ಗಲ್ಲದ ಮೇಲೆ ಐದು ಬೆರಳು ಕೆಂಪಗೆ ಮೂಡುತ್ತಿದ್ದವು. ನಾಲ್ಕಾರು ದಿನಕ್ಕೆ ಹುಡುಗಿಯರು ಅದಕ್ಕೂ ಉಪಾಯ ಕಂಡುಕೊಂಡರು. ಅಂಗೈಗಳನ್ನು ಹೊರಗೆ ತಿರುಗಿಸಿ, ಮೊಣಕೈಗಳ ನಡುವೆ ಕೂಸನ್ನು ಅವುಚಿ ಎತ್ತುತ್ತಿದ್ದರು. ನನ್ನ ಹೆಮ್ಮೆಯ ಹುಡುಗಿಯಂತೂ ತಮ್ಮನನ್ನು ಹಾಗೆ ಎತ್ತಿ, ಹಾಗೆಯೇ ಟೊಂಕಕ್ಕೆ ಏರಿಸಿ, ಅಷ್ಟೇ ಸಲೀಸಾಗಿ ಜೋಳಿಗೆಯಲ್ಲಿ ಮಲಗಿಸುತ್ತಿದ್ದಳು. ನನಗೆ ಅದನ್ನು ನೋಡಿ ಕಣ್ಣೀರು ಬರಬೇಕಾಗಿತ್ತು. ಎಷ್ಟು ಚುರುಕು ಎಂದು ನಕ್ಕಿದ್ದೆ.

ಆ ಸುಗ್ಗಿಯಲ್ಲಿ ಧಾರವಾಡದಿಂದ ಸಮಾಜಸೇವೆಯ ನಾಲ್ಕು ಮಂದಿ ಹೆಂಗಸರು ನಮ್ಮ ಕೇಂದ್ರ ನೋಡಲು ಕಾರಿನಲ್ಲಿ ಬಂದರು. ಇಸ್ತ್ರಿ ಮಾಡಿದ ಇಳಕಲ್ಲ ಸೀರೆ, ಮಕ್ಕಳಿಗೆಂದು ಬಿಸ್ಕೀಟಿನ ಪುಡಿಕೆ. ಕಾರಿನಿಂದ ಇಳಿದವರೇ ಒಬ್ಬರಾದ ಮೇಲೆ ಒಬ್ಬರು ಸೀನತೊಡಗಿದರು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಣ್ಣು ಒರೆಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂತು ಮಗ್ಗಿ ಕೇಳಿದರು. ಮಕ್ಕಳಲ್ಲಿ ಒಬ್ಬರೂ ಸೀನಲಿಲ್ಲ. ದುಡಿಮೆಯನ್ನೂ ವಿದ್ಯೆಯನ್ನೂ ಎಷ್ಟು ಚಂದ ಹೊಂದಿಸಿದ್ದೀರಿ ಎಂದು ಹಿರಿಯ ಹೆಂಗಸು ನನ್ನ ಕೈ ಹಿಡಿದು ಹೊಗಳಿದರು. ಕೈ ಕೆಸರಾದರೆ ಬಾಯಿ ಮೊಸರು ಅಲ್ಲವೇ ಎಂದರು. ಕೈ ಯಾರದು, ಬಾಯಿ ಯಾರದು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಅವರು ಹಿಡಿದಿದ್ದ ನನ್ನ ಕೈ ಮೆತ್ತಗಿತ್ತು, ತಣ್ಣಗಿತ್ತು. ಆ ಸುಗ್ಗಿಯಲ್ಲಿ ನಾನು ಒಂದು ಕಾಯಿಯ ತುಂಬನ್ನೂ ಮುರಿದಿರಲಿಲ್ಲ.

ಇಷ್ಟರಲ್ಲಿ ನನ್ನ ಹೆಮ್ಮೆಯ ಹುಡುಗಿಯ ತಾಯಿ ಒಂದು ದಿನ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಮಗಳಿಗೆ ಹನ್ನೊಂದು ತುಂಬಿತು, ಕೈ ಚುರುಕಿದೆ, ಯುಗಾದಿಯಾದ ಮೇಲೆ ಆಳಿನ ಸಾಲಿಗೆ ಹಚ್ಚು ಎಂದು ಧಣಿಗಳು ಹೇಳಿದ್ದಾರೆ ಎಂದಳು. ತನಗೆ ಮನಸ್ಸಿಲ್ಲ. ನವಲಗುಂದದಲ್ಲಿ ಹೆಣ್ಣುಮಕ್ಕಳಿಗೆ ಸರಕಾರದ ಹಾಸ್ಟೆಲ್ ಇದೆಯಂತೆ, ಐದನೆಯ ಇಯತ್ತೆಯಿಂದ ತೆಗೆದುಕೊಳ್ಳುತ್ತಾರಂತೆ. ಸಾಲೆಯ ಹೆಡ್‌ಮಾಸ್ತರರು ನಾಲ್ಕನೆಯ ಇಯತ್ತೆ ಪಾಸು ಎಂದು ಬರೆದುಕೊಟ್ಟರೆ ಮಗಳು ಅಲ್ಲಿ ಸೇರಬಹುದು. ಒಂದು ಮಾತು ಕೇಳಿ ನೋಡಿ ಎಂದಳು. ಅವಳು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

ಆ ಹೆಡ್‌ಮಾಸ್ತರರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಬಿಸಿಲಲ್ಲೂ ಕರಿ ಕೋಟು, ಬಾಯಿ ತುಂಬ ಎಲೆ ಅಡಿಕೆ, ಮಧ್ಯಾಹ್ನ ಕುರ್ಚಿಯಲ್ಲೇ ನಿದ್ದೆ. ಸಾಲೆ ಬಿಟ್ಟ ಮಕ್ಕಳ ಮನೆ ಯಾವ ದಿಕ್ಕಿಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಸಂಖ್ಯೆ ಕಡಿಮೆಯಾದರೆ ಒಬ್ಬ ಮಾಸ್ತರರನ್ನು ಎತ್ತಂಗಡಿ ಮಾಡುತ್ತಾರೆಂದು ಯಾರ ಹೆಸರನ್ನೂ ಹಾಜರಿ ಪುಸ್ತಕದಿಂದ ತೆಗೆಯುತ್ತಿರಲಿಲ್ಲ. ನಮ್ಮ ಹುಡುಗಿಯ ಹೆಸರೂ ಅದರಲ್ಲಿ ವರ್ಷವರ್ಷ ಮೇಲಕ್ಕೆ ಹತ್ತುತ್ತ ಬಂದಿತ್ತು. ಮೆಣಸಿನಕಾಯಿಯ ಮುಂದೆ ಕೂತಿದ್ದವಳು ಕಾಗದದ ಮೇಲೆ ನಾಲ್ಕನೆಯ ಇಯತ್ತೆಯಲ್ಲಿದ್ದಳು. ಜೀವನದಲ್ಲಿ ಮೊದಲ ಸಲ ಒಂದು ಮೋಸ ಆ ಹುಡುಗಿಯ ಮನೆಯವರ ಕೆಲಸಕ್ಕೆ ಬಂದಿತ್ತು.

ಹೆಡ್‌ಮಾಸ್ತರರು ಅರ್ಧ ಒಪ್ಪಿದರು. ಬರೀ ಹೆಸರು ಇದ್ದರೆ ಸಾಲದು, ತಲೆಯಲ್ಲಿ ಏನಿದೆ ನೋಡುತ್ತೇನೆ, ಓದು, ಬರಹ, ಮಗ್ಗಿ ಮೂರರಲ್ಲೂ ಗಟ್ಟಿಯಿದ್ದರೆ ನಾಳೆಯಿಂದಲೇ ತರಗತಿಗೆ ಬರಲಿ, ವಾರ್ಷಿಕ ಪರೀಕ್ಷೆ ಬರೆಯಲಿ ಎಂದರು. ಇಲ್ಲದಿದ್ದರೆ ಕರೆತರುವುದೇ ಬೇಡ ಎಂದರು. ಮಗ್ಗಿಯ ಮಾತು ಬಂದಾಗ ನಾನು ಮನಸ್ಸಿನಲ್ಲೇ ನಕ್ಕೆ.

ಪರೀಕ್ಷೆಯ ದಿನ ಮಧ್ಯಾಹ್ನ ಮಾವನವರೂ ಹೊರಟು ನಿಂತರು. ಯಾರೂ ಕರೆದಿರಲಿಲ್ಲ. ಹುಡುಗಿ ಪಾಸಾದರೆ ತಮ್ಮ ಅಂಗಳದ ಹೆಸರು, ನಪಾಸಾದರೆ ಚುರುಕು ಕೈಯ ಒಂದು ಆಳು. ಯಾವ ಕಡೆಗೆ ಬಿದ್ದರೂ ಅವರಿಗೆ ನಷ್ಟವಿರಲಿಲ್ಲ. ಅವರಿಗೆ ಕುರ್ಚಿ ಕೊಟ್ಟರು, ನನಗೆ ಸ್ಟೂಲು. ತಾಯಿ ಹೊಲದಿಂದ ನೇರವಾಗಿ ಬಂದು ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ ನಿಂತಳು.

ಓದು ಚೆನ್ನಾಗಿ ಆಯಿತು. ಬರಹದಲ್ಲಿ ನಾಲ್ಕು ತಪ್ಪು, ಪರವಾಗಿಲ್ಲ ಎಂದರು. ಆಮೇಲೆ ಹೆಡ್‌ಮಾಸ್ತರರು ಎಲೆ ಅಡಿಕೆ ಉಗುಳಿ ಬಂದು, ಕೋಟು ಸರಿಮಾಡಿಕೊಂಡು, ಹದಿಮೂರರ ಮಗ್ಗಿ ಹೇಳು ಎಂದರು. ಹುಡುಗಿ ಬಾಯಿ ತೆರೆಯುವ ಮೊದಲೇ ಅವಳ ಎರಡೂ ಕೈ ಲಂಗದ ಮುಂದೆ ಆಡತೊಡಗಿದವು.

“ಕೈ ಕಟ್ಟಿ ನಿಂದ್ರು,” ಎಂದರು ಹೆಡ್‌ಮಾಸ್ತರರು.

ಸಾಲೆಯಲ್ಲಿ ಎಲ್ಲ ಮಕ್ಕಳೂ ಹಾಗೇ ನಿಲ್ಲುವುದು. ಹುಡುಗಿ ಎದೆಯ ಮೇಲೆ ಕೈ ಕಟ್ಟಿದಳು. ‘ಹದಿಮೂರ ಒಂದಲೆ ಹದಿಮೂರು’ ಎಂದಳು. ‘ಹದಿಮೂರ ಎರಡಲೆ’ ಎಂದಳು. ಅಲ್ಲಿಗೆ ನಿಂತಳು. ಕಟ್ಟಿದ ಕೈಗಳ ಕೆಳಗೆ ಬೆರಳು ಅಲುಗಾಡುತ್ತಿದ್ದವು, ಹಿಡಿಯಲು ಏನೂ ಸಿಗದೆ ತೋಳಿನ ಚರ್ಮವನ್ನು ಚಿವುಟುತ್ತಿದ್ದವು. ಬಿಡು, ಎಂಟರದ್ದು ಹೇಳು ಎಂದರು. ಅದೂ ಬರಲಿಲ್ಲ. ಐದರದ್ದು ಎಂದರು. ಐದರ ಮಗ್ಗಿಯನ್ನು ಮೂರು ಸಲ ಶುರುಮಾಡಿ ಮೂರು ಸಲವೂ ನಡುವೆಯೇ ಬಿಟ್ಟಳು.

ಏನಾಗಿದೆಯೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೆ. ಮಗ್ಗಿ ಹುಡುಗಿಯ ತಲೆಗೆ ಹೋಗಿರಲಿಲ್ಲ, ಬೆರಳಿಗೆ ಹೋಗಿತ್ತು. ಕೈ ಕಟ್ಟಿದರೆ ಬಾಯಿಯೂ ಕಟ್ಟುತ್ತಿತ್ತು. ಎರಡು ತಿಂಗಳು ನಾನೇ ಹಾಗೆ ಕಲಿಸಿದ್ದೆ. ಅವಳ ಕೈ ಬಿಡಿಸಿರಿ, ಸರಿಯಾಗಿ ಹೇಳುತ್ತಾಳೆ ಎಂದು ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಯಾಕೆ ಎಂದು ಅವರು ಕೇಳುತ್ತಿದ್ದರು. ಆಗ ಮೆಣಸಿನಕಾಯಿಯ ಮಾತು ತೆಗೆಯಬೇಕಾಗುತ್ತಿತ್ತು, ಪಕ್ಕದಲ್ಲಿ ಮಾವನವರು ಕೂತಿದ್ದರು, ನಮ್ಮ ಮನೆಯ ಸೇವೆ ಊರ ಮುಂದೆ ಬಯಲಾಗುತ್ತಿತ್ತು. ನಾನು ಸ್ಟೂಲಿನ ಮೇಲೆ ಸೆರಗು ಸರಿಮಾಡಿಕೊಂಡೆ. ಅಷ್ಟೇ ನಾನು ಮಾಡಿದ್ದು.

ಹೆಡ್‌ಮಾಸ್ತರರು ಹಾಜರಿ ಪುಸ್ತಕ ಮುಚ್ಚಿದರು. ಮಾವನವರು ಹುಡುಗಿಯ ಕಡೆ ನೋಡಿ, ಇರಲಿ ಬಿಡು, ಎಲ್ಲರ ಹಣೆಯಲ್ಲೂ ವಿದ್ಯೆ ಬರೆದಿರುವುದಿಲ್ಲ ಎಂದು ಸಮಾಧಾನ ಹೇಳಿದರು.

ಆಗ ತಾಯಿ ಒಳಗೆ ಬಂದಳು. ಆ ಕೋಣೆಗೆ ಆಕೆ ಕಾಲಿಟ್ಟದ್ದೇ ಮೊದಲು. ಸೀರೆಯ ಉಡಿ ಬಿಚ್ಚಿದಳು. ಒಳಗೆ ಎರಡು ಹಿಡಿಯಷ್ಟು ಒಣ ಮೆಣಸಿನಕಾಯಿ ಇದ್ದವು. ನಮ್ಮ ಕಡೆ ದಿನದ ಕೊನೆಗೆ ಧಣಿ ತಾನಾಗಿ ಒಂದು ಹಿಡಿ ಉಡಿಗೆ ಹಾಕಿದರೆ ಅದು ಪದ್ಧತಿ, ಆಳು ತಾನೇ ಹಾಕಿಕೊಂಡರೆ ಅದು ಕಳವು. ಹೊತ್ತು ಇನ್ನೂ ಇಳಿದಿರಲಿಲ್ಲ. ಆ ಕಾಯಿ ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿರಲಿಲ್ಲ. ಧಣಿಯ ಕಣ್ಣೆದುರೇ ಅವಳು ಅವನ್ನು ಮಗಳ ಮುಂದೆ ನೆಲದ ಮೇಲೆ ಸುರಿದಳು.

“ಮನ್ಯಾಗೂ ಅಕಿ ಕೈಗೆ ಕೆಲಸ ಇಲ್ಲದ ಬಾಯಿ ಬಿಡಂಗಿಲ್ರಿ, ಮಾಸ್ತರ್ರ,” ಎಂದಳು. “ಈಗ ಕೇಳ್ರಿ, ಹೇಳ್ತಾಳ.”

ಹುಡುಗಿ ಕೂತಳು. ಕೂತವಳೇ ಒಂದು ಕಾಯಿ ಎತ್ತಿದಳು. ‘ಹದಿಮೂರ ಒಂದಲೆ’, ಚಟ್, ‘ಹದಿಮೂರು’. ‘ಹದಿಮೂರ ಏಳಲೆ’, ಚಟ್, ‘ತೊಂಬತ್ತೊಂದು’. ಎಲ್ಲೂ ತಡೆಯಲಿಲ್ಲ. ಹದಿಮೂರು ಮುಗಿದು ಹದಿನಾಲ್ಕು, ಹದಿನಾಲ್ಕು ಮುಗಿದು ಹದಿನೈದು. ಸಾಕು ಎಂದು ಯಾರೂ ಹೇಳಲಿಲ್ಲವಾದ್ದರಿಂದ ಕಾಯಿ ಮುಗಿಯುವ ತನಕ ಹೇಳಿದಳು. ಹೆಡ್‌ಮಾಸ್ತರರು ಅವಳ ಬಾಯಿಯನ್ನು ನೋಡುತ್ತಿರಲಿಲ್ಲ. ತುದಿ ಸುಲಿದು ಕೆಂಪಾದ ಅವಳ ಹೆಬ್ಬೆರಳನ್ನು ನೋಡುತ್ತಿದ್ದರು. ಆಮೇಲೆ ಎರಡು ಸಲ ಸೀನಿದರು.

“ಈ ತುಂಬು ಬಿಡಸೂದನ್ನ ಎಲ್ಲಿ ಕಲ್ತಿ?” ಎಂದು ಕೇಳಿದರು.

“ಅಕ್ಕಾರ ಸಾಲ್ಯಾಗ್ರಿ,” ಎಂದಳು ಹುಡುಗಿ.

ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕಾರು ಎನ್ನುತ್ತಾರೆ. ಆ ಹುಡುಗಿ ಅದನ್ನು ಅಭಿಮಾನದಿಂದ ಹೇಳಿದಳು, ನನ್ನ ಕಡೆ ತಿರುಗಿ ನಕ್ಕಳು ಕೂಡ. ಹೆಡ್‌ಮಾಸ್ತರರೂ ನನ್ನ ಕಡೆ ತಿರುಗಿದರು. ನಾನು ಆ ಮನುಷ್ಯನನ್ನು ಎರಡು ವರ್ಷ ತುಚ್ಛವಾಗಿ ಕಂಡವಳು. ಅವರು ಅಷ್ಟನ್ನೂ ಒಂದೇ ನೋಟದಲ್ಲಿ ನನಗೆ ಹಿಂತಿರುಗಿಸಿದರು.

ನೆಲದ ಮೇಲಿನ ಕಾಯಿಗಳನ್ನೆಲ್ಲ ಅವರೇ ಒಂದು ಹಳೆಯ ಕಾಗದದಲ್ಲಿ ಬಳಿದು ಮಾವನವರ ಮುಂದೆ ಇಟ್ಟರು. ನಿಮ್ಮ ಮಾಲು ಕಾಣುತ್ತದೆ ಎಂದರು. ಮಾವನವರು ಸಣ್ಣಗೆ ನಕ್ಕು, ಬೆಳಿಗ್ಗೆ ತಾವೇ ಆಕೆಯ ಉಡಿಗೆ ಹಾಕಿದ್ದು ಎಂದರು. ಸುಳ್ಳು ಹೇಳುವಾಗಲೂ ಅವರ ಹಣೆಯ ವಿಭೂತಿ ಬೆಳ್ಳಗೇ ಇತ್ತು.

“ನಾಳಿಗೆ ಕೈ ತೊಳಕೊಂಡು ಬಾ,” ಎಂದು ಹೆಡ್‌ಮಾಸ್ತರರು ಹುಡುಗಿಗೆ ಹೇಳಿದರು. “ಎಂಟ ದಿವಸ ಕೊಡ್ತೀನಿ. ಕೈ ಕಟ್ಟಿ ಮಗ್ಗಿ ಹೇಳೂದು ಕಲೀಬೇಕು. ಬರಲಿಲ್ಲಂದ್ರ ನಾ ಏನೂ ಬರದುಕೊಡಂಗಿಲ್ಲ.”

ಅವತ್ತು ಸಂಜೆ ಮಾವನವರು ಕಟ್ಟೆಯ ಮೇಲೆ ಊರ ಹಿರಿಯರನ್ನು ಕೂರಿಸಿಕೊಂಡು, ನಮ್ಮ ಅಂಗಳದ ಹುಡುಗಿ ಸಾಲೆಗೆ ಸೇರಿದ ಕಥೆ ಹೇಳಿದರು. ತುಂಬು ಬಿಡಿಸುತ್ತ ಮಗ್ಗಿ ಹೇಳಿದ್ದೇ ಆ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿಯಾಗಿತ್ತು. ತಾಯಿಯನ್ನು ಮಾತ್ರ ಮರುದಿನದಿಂದ ಕೆಲಸಕ್ಕೆ ಕರೆಯಲಿಲ್ಲ. ಆಕೆ ಎರಡು ಹರದಾರಿ ದೂರದ ಬೇರೆಯವರ ಹೊಲಕ್ಕೆ ಹೋಗಬೇಕಾಯಿತು. ಆಕೆಯ ಚಿಕ್ಕ ಮಗಳು ತಮ್ಮನನ್ನು ಎತ್ತಿಕೊಂಡು ನಮ್ಮ ಅಂಗಳಕ್ಕೆ ಬರುವುದಕ್ಕೆ ಅವರ ಅಡ್ಡಿಯಿರಲಿಲ್ಲ. ತಾಯಿಯ ಮೇಲಿನ ಸಿಟ್ಟಿಗೆ ಎರಡು ಕೈ ಕಳೆದುಕೊಳ್ಳುವಷ್ಟು ದಡ್ಡರಲ್ಲ ನಮ್ಮ ಮಾವನವರು.

ನಾನು ಊಟಕ್ಕೆ ಬಡಿಸುವಾಗ ಹೇಳಿದೆ, ನಾಳೆಯಿಂದ ಮಕ್ಕಳ ಕೈಗೆ ಮೆಣಸಿನಕಾಯಿ ಕೊಡುವುದಿಲ್ಲ ಎಂದು. ಅವರು ರೊಟ್ಟಿ ಮುರಿಯುತ್ತಲೇ ಉತ್ತರಿಸಿದರು.

“ಮೆಣಸಿನಕಾಯಿ ಇದ್ರ ಸಾಲಿ ಐತಿ. ಅದಿಲ್ಲಂದ್ರ ಇದೂ ಇಲ್ಲ. ನೀನ ಹೇಳಿಕೊಟ್ಟ ದಾರಿ ಐತಿ ನೋಡವಾ.”

ಹಾಗಾದರೆ ನಾನು ಅಂಗಳಕ್ಕೆ ಕಾಲಿಡುವುದಿಲ್ಲ ಎಂದೆ. ಒಳಗೆ ಹೋಗಿ ಕೂತೆ. ಅದನ್ನು ನಾನು ಮನಸ್ಸಿನಲ್ಲಿ ಸತ್ಯಾಗ್ರಹ ಎಂದು ಕರೆದುಕೊಂಡೆ. ನನಗೆ ದೊಡ್ಡ ಶಬ್ದಗಳ ಚಟ ಇನ್ನೂ ಬಿಟ್ಟಿರಲಿಲ್ಲ.

ಮರುದಿನ ಮಕ್ಕಳು ಬಂದರು. ಅವರು ಬರದೆ ಎಲ್ಲಿಗೆ ಹೋಗಬೇಕು, ಅವ್ವಂದಿರು ಹೊಲಕ್ಕೆ ಹೋಗಿದ್ದರು. ಜೋಳಿಗೆ ಕಟ್ಟಿಕೊಂಡರು, ತಾವೇ ಚೀಲದ ಬಾಯಿ ಬಿಚ್ಚಿದರು, ತಾವೇ ಮಗ್ಗಿ ಶುರುಮಾಡಿದರು. ನನ್ನ ಸತ್ಯಾಗ್ರಹದಿಂದ ಆ ಅಂಗಳದಲ್ಲಿ ಕಡಿಮೆಯಾದದ್ದು ಒಂದೇ, ತಪ್ಪಾದರೆ ತಿದ್ದುವವರು. ಮೂರನೆಯ ದಿನ ಯಾವಳೋ ‘ಎಂಟ ಏಳಲೆ ಐವತ್ನಾಕು’ ಎಂದಳು. ಎಲ್ಲರೂ ಹಾಗೇ ಹೇಳಿದರು. ನಾನು ಅಡುಗೆಮನೆಯಲ್ಲಿ ಹಲ್ಲು ಕಚ್ಚಿಕೊಂಡು ಕೂತೆ. ಐವತ್ತಾರು ಎಂದು ಕಿಟಕಿಯಿಂದ ಕೂಗಿದರೆ ಮಾವನವರ ಮುಂದೆ ಸೋತಂತಾಗುತ್ತದೆ ಎಂಬ ಚಿಂತೆ ನನಗೆ. ಎಂಟನೆಯ ದಿನದ ತನಕ ಅಂಗಳದಲ್ಲಿ ಎಂಟೇಳು ಐವತ್ನಾಲ್ಕಾಗಿಯೇ ಉಳಿಯಿತು. ನನ್ನ ಮರ್ಯಾದೆ ಮಾತ್ರ ಚೂರೂ ಮುಕ್ಕಾಗಲಿಲ್ಲ.

ಆ ಎಂಟು ದಿನವೂ ಹುಡುಗಿ ನಮ್ಮ ಮನೆಯ ಮುಂದಿನ ದಾರಿಯಲ್ಲೇ ಸಾಲೆಗೆ ಹೋಗಿ ಬಂದಳು. ಚೀಲವನ್ನು ಹೆಗಲಿಗೆ ಹಾಕಿ, ಎದೆಯ ಮೇಲೆ ಕೈ ಕಟ್ಟಿಕೊಂಡು, ತುಟಿ ಅಲುಗಿಸುತ್ತ ನಡೆಯುತ್ತಿದ್ದಳು. ಎತ್ತಿನ ಬಂಡಿ ಎದುರಾದರೂ ಕೈ ಬಿಚ್ಚದೆ ಪಕ್ಕಕ್ಕೆ ಸರಿಯುತ್ತಿದ್ದಳು. ನೋಡಿದವರು ಹುಡುಗಿಗೆ ಚಳಿ ಜ್ವರವೇನೋ ಎಂದರು. ಕರೆದು ಕಲಿಸಲೇ ಎಂದು ನನಗೆ ಅನ್ನಿಸಿತು, ಆದರೆ ಕರೆಯಲು ಯಾವ ಬಾಯಿ ಇತ್ತು ನನಗೆ.

ಒಂ‌ಬತ್ತನೆಯ ದಿನ ಮಧ್ಯಾಹ್ನ ಊಟಕ್ಕೆ ಸಾಲೆ ಬಿಟ್ಟ ಮೇಲೆ ಅವಳು ನೇರವಾಗಿ ಅಂಗಳಕ್ಕೆ ಬಂದಳು. ಮಾವನವರು ಉಂಡು ಪಡಸಾಲೆಯಲ್ಲಿ ಮಲಗಿದ್ದರು. ಕೆಲಸಕ್ಕೆ ಕೂರಲು ಬಂದಳೇನೋ ಎಂದು ಕಿಟಕಿಗೆ ಹೋಗಿ ನೋಡಿದೆ. ಅವಳು ಕೂರಲಿಲ್ಲ. ಜೋಳಿಗೆಯಲ್ಲಿ ಅಳುತ್ತಿದ್ದ ತಮ್ಮನನ್ನು ಎತ್ತಿಕೊಂಡಳು, ಎರಡೂ ಅಂಗೈ ಹರವಿ, ಬೆನ್ನಿಗೂ ತಲೆಗೂ ಕೊಟ್ಟು. ಕೂಸು ಸುಮ್ಮನಾಯಿತು. ಆಮೇಲೆ ತಂಗಿಯ ಮುಂದಿನ ಮೆಣಸಿನಕಾಯಿಯ ರಾಶಿಯನ್ನು ಕಾಲಿನಿಂದ ಆಚೆ ಸರಿಸಿದಳು. ಎಲ್ಲರೂ ಕೈ ಕಟ್ಟಿರಿ ಎಂದಳು. ಮಕ್ಕಳು ಕಟ್ಟಿದರು. ಎಂಟರ ಮಗ್ಗಿ ಹೇಳಿರಿ ಎಂದಳು.

ಇಪ್ಪತ್ತು ಮಕ್ಕಳು ಬಾಯಿ ತೆರೆದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಎರಡು ವರ್ಷದ ನನ್ನ ಸಾಲೆ ಒಂದೂ ಶಬ್ದವಿಲ್ಲದೆ ಎದುರಿಗೆ ಕೂತಿತ್ತು.

ನಾನು ಹೊರಗೆ ಬಂದೆ. ಕಟ್ಟೆಯ ಮೇಲೆ ನಿಲ್ಲಲು ಆಗಲಿಲ್ಲ, ಕೆಳಗಿಳಿದೆ. ಹುಡುಗಿ ನನ್ನನ್ನು ಕಂಡವಳೇ ತಮ್ಮನನ್ನು ತಂಗಿಯ ತೊಡೆಗೆ ಕೊಟ್ಟು, ಸಾಲೆಯ ರೂಢಿಯಂತೆ ಕೈ ಕಟ್ಟಿ ನಿಂತಳು. ಮುಖದಲ್ಲಿ ದೂರು ಇರಲಿಲ್ಲ. ಇದ್ದ ಸಂಗತಿಯನ್ನು ನನಗೆ ತಿಳಿಸಿದಳು, ಅಷ್ಟೇ.

“ನನಗ ಬಂತ್ರಿ, ಅಕ್ಕಾರ. ಮಾಸ್ತರ್ರು ಬರದುಕೊಡ್ತೀನಿ ಅಂದ್ರು,” ಎಂದಳು. “ಆದ್ರ ಇವಕ್ಕ ಕೈ ಕಟ್ಟಿದ್ರ ಒಂದೂ ಬರೂದಿಲ್ರಿ.”

ನಾನು ಚೀಲದ ಬಾಯಿ ಎಳೆದು ಸುತಳಿಯಿಂದ ಬಿಗಿದೆ. ಮಕ್ಕಳಿಗೆ ಕೈ ತೊಳೆಯಲು ಹೇಳಿ, ನೀರಿನ ಕೊಡದ ಹತ್ತಿರ ತಂಬಿಗೆಯನ್ನು ಅವರ ಕೈಗೇ ಕೊಟ್ಟೆ. ಒಳಗಿಟ್ಟಿದ್ದ ಪಾಟಿಗಳನ್ನು ತಂದೆ. ಮಾವನವರು ಎದ್ದು ಬರಲು ಇನ್ನೂ ಅರ್ಧ ತಾಸು ಇತ್ತು. ಎರಡರ ಮಗ್ಗಿಯಿಂದ ಶುರುಮಾಡಿದೆವು.